ತಾನಾಗಿಯೇ ಆರಿ ಹತ್ತುವ ಕಂಪ್ಯೂಟರ್: ಕೊಡಗಿನ ಮನೆಗಳಿಗೆ ಒಂದು ಮಾರ್ಗದರ್ಶಿ

ಮಗುವಿನ ಪ್ರವೇಶ ಪರೀಕ್ಷೆಯ ಅರ್ಜಿಯನ್ನು ಅರ್ಧ ತುಂಬಿಸಿರುತ್ತೀರಿ; ಪರದೆ ಒಮ್ಮೆಲೇ ಕಪ್ಪಾಗಿ, ಕಂಪ್ಯೂಟರ್ ಯಾರೂ ಹೇಳದೆಯೇ ಮೊದಲಿನಿಂದ ಶುರುವಾಗುತ್ತದೆ. ವಾರಕ್ಕೊಮ್ಮೆ ಆಗುತ್ತಿದ್ದದ್ದು ದಿನಕ್ಕೆ ಎರಡು ಸಲ ಆಗತೊಡಗಿದಾಗ ಅದನ್ನು ಹೊತ್ತು ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗುತ್ತೇವೆ, ಅಲ್ಲಿ ಆಗದಿದ್ದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ. ಅಂಗಡಿಯಲ್ಲಿ ವಿಂಡೋಸ್ ಹೊಸದಾಗಿ ಹಾಕಿಕೊಡುತ್ತಾರೆ, ಅಲ್ಲಿ ಅದು ದಿನವಿಡೀ ಸರಿಯಾಗಿಯೇ ನಡೆಯುತ್ತದೆ, ಮನೆಗೆ ತಂದ ಮೂರನೆಯ ದಿನ ಮತ್ತೆ ಅದೇ ಕಥೆ. ಅಂಗಡಿಯಲ್ಲಿ ಸರಿಯಿದ್ದು ಮನೆಯಲ್ಲಿ ಕೆಡುವ ಯಂತ್ರದ ದೋಷ ಅನೇಕ ಸಲ ಯಂತ್ರದೊಳಗೆ ಇರುವುದೇ ಇಲ್ಲ. ಆದ್ದರಿಂದ ಈ ಲೇಖನದಲ್ಲಿ ಹೇಳಿರುವ ಕ್ರಮ ಗೋಡೆಯ ಸಾಕೆಟ್‌ನಿಂದ ಆರಂಭವಾಗಿ ಒಳಕ್ಕೆ ಹೋಗುತ್ತದೆ. ವಿಂಡೋಸ್‌ನ ಸರದಿ ಕೊನೆಗೆ ಬರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ನೋಡಿ, ನಂತರ ಮುಂದಿನದಕ್ಕೆ ಕೈಹಾಕಬೇಕು. ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದೇ ಇಲ್ಲ.

ಇವೆಲ್ಲಕ್ಕೂ ಮುಂಚೆ ಫೋಟೊಗಳು, ತೋಟದ ಲೆಕ್ಕದ ಹಾಳೆಗಳು, ಜಮೀನಿನ ದಾಖಲೆಗಳ ಪ್ರತಿಗಳು ಮುಂತಾದ ಮುಖ್ಯ ಕಡತಗಳನ್ನು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ಗೆ ಇಂದೇ ನಕಲು ಮಾಡಿಕೊಳ್ಳಿ. ಮೇಲಿಂದ ಮೇಲೆ ಏಕಾಏಕಿ ಆರುವ ಯಂತ್ರದಲ್ಲಿ ಡಿಸ್ಕ್ ಮೇಲೆ ಬರೆಯುತ್ತಿದ್ದ ಕಡತ ಅರ್ಧಕ್ಕೆ ತುಂಡಾಗುವ ಅಪಾಯ ಸದಾ ಇರುತ್ತದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ

ಮೊದಲ ಉಪಕರಣ ಪೆನ್ನು. ಯಂತ್ರ ಆರಿದ ಪ್ರತಿ ಸಲವೂ ಗಂಟೆ, ಆಗ ಮಾಡುತ್ತಿದ್ದ ಕೆಲಸ, ಹೊರಗೆ ಮಳೆ ಅಥವಾ ಗುಡುಗು ಇತ್ತೇ, ಮನೆಯ ದೀಪ ಮಿನುಗಿತೇ, ಇವಿಷ್ಟನ್ನು ಬರೆದಿಡಿ. ಇದರ ಬೆಲೆ ನನಗೆ ತಿಳಿದದ್ದು ಒಂದು ಫೆಬ್ರವರಿಯಲ್ಲಿ. ನಮ್ಮ ಮನೆಯ ಕಂಪ್ಯೂಟರ್ ದಿನವೂ ಆರುತ್ತಿತ್ತು. ವೈರಸ್ ಎಂದುಕೊಂಡು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ವೇಳೆ ಬರೆಯತೊಡಗಿದೆ: ಬೆಳಿಗ್ಗೆ 6.10, ಮರುದಿನ 6.15, ಅದರ ಮರುದಿನ 6.10. ನಾಲ್ಕನೆಯ ದಿನ ಅದೇ ಹೊತ್ತಿಗೆ ಯಂತ್ರದ ಮುಂದೆ ಸುಮ್ಮನೆ ಕುಳಿತು ನೋಡಿದೆ. ಮೇಜಿನ ಮೇಲಿನ ಬಲ್ಬು ಒಂದು ಕ್ಷಣ ಕೆಂಪಗೆ ಕುಗ್ಗಿತು, ಪರದೆ ಕಪ್ಪಾಯಿತು, ಕೆಳಗಿನ ಕೆರೆಯ ಕಡೆಯಿಂದ ಮೋಟರಿನ ಸದ್ದು ಕೇಳಿಬಂತು. ಕಾಫಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುವ ಕಾಲವದು. ದೊಡ್ಡ ಮೋಟರು ಹೊರಡುವ ಕ್ಷಣದಲ್ಲಿ ತಾನು ಓಡುವಾಗ ಎಳೆಯುವುದರ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ದೂರದಲ್ಲಿ, ಲೈನಿನ ತುದಿಯಲ್ಲಿರುವ ನಮ್ಮಂಥ ಮನೆಗಳಲ್ಲಿ ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ. ಎರಡು ಸಲ ವಿಂಡೋಸ್ ಬದಲಿಸಿದರೂ ಸಿಗದ ಉತ್ತರ ನಾಲ್ಕು ಚೌಕಗಳಲ್ಲಿ ಸಿಕ್ಕಿತ್ತು.

ವೇಳೆಯಲ್ಲಿ ನಿಯಮವಿದ್ದರೆ ಕಾರಣ ಹೊರಗಿನದಾಗಿರುವ ಸಾಧ್ಯತೆ ಹೆಚ್ಚು. ಆನ್ ಮಾಡಿದ ಇಪ್ಪತ್ತು ಮೂವತ್ತು ನಿಮಿಷಕ್ಕೆ ಅಥವಾ ಆಟ ಆಡುವಾಗ, ವಿಡಿಯೊ ಸಂಕಲನ ಮಾಡುವಾಗ ಮಾತ್ರ ಆರಿದರೆ ಬಿಸಿ ಅಥವಾ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟೇಜಿಗೆ ಇಳಿಸುವ, ಕ್ಯಾಬಿನೆಟ್ಟಿನೊಳಗಿನ ಡಬ್ಬಿ) ಮೇಲೆ ಅನುಮಾನ ಪಡಬೇಕು. ಬೆಳಿಗ್ಗೆ ತಣ್ಣಗಿರುವಾಗ ಎರಡು ಮೂರು ಸಲ ಆರಿ, ಬೆಚ್ಚಗಾದ ಮೇಲೆ ಸರಿಯಾಗಿ ನಡೆದರೆ ತೇವ ಅಥವಾ ಸಡಿಲ ಜೋಡಣೆ. ಯಾವ ನಿಯಮವೂ ಕಾಣದಿದ್ದರೆ ರ‍್ಯಾಮ್ (ಕೆಲಸದ ಹೊತ್ತಿನ ಮಾಹಿತಿಯನ್ನು ಹಿಡಿದಿಡುವ ಸ್ಮೃತಿಪಟ್ಟಿ) ಮತ್ತು ಡ್ರೈವರುಗಳತ್ತ (ಯಂತ್ರದ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಚಿಕ್ಕ ತಂತ್ರಾಂಶಗಳು) ನೋಡಬೇಕಾಗುತ್ತದೆ.

ಸಂದೇಶ ತೋರಿಸಿ ಆರಿತೇ, ಏನೂ ಹೇಳದೆ ಆರಿತೇ?

ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಹುಡುಕಾಟದ ಅರ್ಧ ಕೆಲಸ ಮುಗಿಯುತ್ತದೆ. ವಿಂಡೋಸ್ ತನಗೆ ನಿಭಾಯಿಸಲಾಗದ ತಪ್ಪು ಕಂಡಾಗ ನೀಲಿ ಪರದೆ ತೋರಿಸಿ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ಕಪ್ಪು ಬಣ್ಣಕ್ಕೆ ತಿರುಗಿದೆ) ತಾನೇ ಮರುಚಾಲನೆಯಾಗುತ್ತದೆ. ಆ ಪರದೆ ಓದುವಷ್ಟರಲ್ಲಿ ಮಾಯವಾಗುವುದರಿಂದ ಕರೆಂಟು ಹೋದದ್ದಕ್ಕೂ ಇದಕ್ಕೂ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಮೊದಲು ಸ್ವಯಂ ಮರುಚಾಲನೆಯನ್ನು ನಿಲ್ಲಿಸಿ. ಸ್ಟಾರ್ಟ್ ಮೆನುವಿನ ಹುಡುಕು ಜಾಗದಲ್ಲಿ "ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್" ಎಂದು ಹುಡುಕಿ ತೆರೆಯಿರಿ. "ಸ್ಟಾರ್ಟಪ್ ಆ್ಯಂಡ್ ರಿಕವರಿ" ಭಾಗದ ಸೆಟ್ಟಿಂಗ್ಸ್ ಒತ್ತಿ, "ಆಟೋಮ್ಯಾಟಿಕಲಿ ರೀಸ್ಟಾರ್ಟ್" ಎದುರಿನ ಗುರುತನ್ನು ತೆಗೆಯಿರಿ. ಮುಂದಿನ ಸಲ ಸಂದೇಶದ ಪರದೆ ಬಂದರೆ ಅದು ಅಲ್ಲೇ ನಿಂತಿರುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಬಹುದು. ಈ ಗುರುತು ತೆಗೆದ ಮೇಲೂ ಸಂದೇಶವಿಲ್ಲದೆ ಪಟ್ಟನೆ ಆರಿದರೆ ಅನುಮಾನ ವಿದ್ಯುತ್ತು, ಬಿಸಿ ಮತ್ತು ಯಂತ್ರಾಂಶದ ಕಡೆಗೆ ತಿರುಗಬೇಕು.

ಎರಡನೆಯ ಸಾಕ್ಷಿ, ವಿಂಡೋಸ್ ತಾನೇ ಬರೆದಿಡುವ ದಾಖಲೆಗಳನ್ನು ತೋರಿಸುವ "ಇವೆಂಟ್ ವ್ಯೂವರ್". ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್ ತೆರೆದರೆ ಯಂತ್ರ ಆರಿದ ಹೊತ್ತಿನ ಎದುರು "ಕರ್ನಲ್-ಪವರ್ 41" ಎಂಬ ದಾಖಲೆ ಕಾಣುತ್ತದೆ. ಇದನ್ನು ನೋಡಿದ ತಕ್ಷಣ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ ಮಂದಿ. ಆದರೆ ಕಂಪ್ಯೂಟರ್ ಕ್ರಮವಾಗಿ ಮುಚ್ಚಿಕೊಳ್ಳಲಿಲ್ಲ ಎಂಬುದನ್ನಷ್ಟೇ ಅದು ಹೇಳುತ್ತದೆ. ಅದರ ವಿವರಗಳಲ್ಲಿ "ಬಗ್‌ಚೆಕ್ ಕೋಡ್" ಎಂಬ ಸಾಲಿದೆ. ಅಲ್ಲಿ ಸೊನ್ನೆಯಿದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡುವ ಸಮಯವೇ ಸಿಗಲಿಲ್ಲವೆಂದು ತಿಳಿಯಬಹುದು. ಬೇರೆ ಸಂಖ್ಯೆಯಿದ್ದರೆ ವಿಂಡೋಸ್ ಒಂದು ತಪ್ಪನ್ನು ಗುರುತಿಸಿಯೇ ನಿಂತಿದೆ.

ಮೂರನೆಯ ಪರೀಕ್ಷೆ ಇನ್ನೂ ಸರಳವಾದದ್ದು, ನನಗೆ ಹೆಚ್ಚು ನಂಬಿಕೆಯಿರುವುದೂ ಇದರ ಮೇಲೆಯೇ. ಯಂತ್ರ ಹತ್ತುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತುತ್ತಾ ಬಯಾಸ್ (ಯಂತ್ರದ ಮೂಲ ಹೊಂದಾಣಿಕೆಗಳ) ಪರದೆಗೆ ಹೋಗಿ, ಏನನ್ನೂ ಬದಲಿಸದೆ ಒಂದು ಗಂಟೆ ಹಾಗೆಯೇ ಬಿಡಿ. ವಿಂಡೋಸ್ ಇನ್ನೂ ಆರಂಭವೇ ಆಗಿರದ ಆ ಜಾಗದಲ್ಲಿಯೂ ಯಂತ್ರ ಆರಿದರೆ, ವಿಂಡೋಸ್ ಮೇಲಿನ ಅನುಮಾನವನ್ನು ಪೂರ್ತಿ ಬಿಟ್ಟುಬಿಡಬಹುದು.

ಗೋಡೆಯಿಂದ ಎಸ್‌ಎಂಪಿಎಸ್‌ವರೆಗೆ

ಮನೆಗೆ ಬರಬೇಕಾದ ವೋಲ್ಟೇಜ್ 230, ಶೇ. 10ರಷ್ಟು ಏರಿಳಿತ, ಅಂದರೆ 207ರಿಂದ 253ರವರೆಗೆ, ಸಹಜವೆಂದು ಪರಿಗಣಿಸಲಾಗುತ್ತದೆ. ಸಾಕೆಟ್ಟಿಗೆ ಚುಚ್ಚಿದರೆ ಅಂಕಿಯಲ್ಲಿ ವೋಲ್ಟೇಜ್ ತೋರಿಸುವ ಚಿಕ್ಕ ಮೀಟರು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ಒಂದು ವಾರ ಕಂಪ್ಯೂಟರಿನ ಪಕ್ಕದ ಸಾಕೆಟ್ಟಿನಲ್ಲಿಟ್ಟು, ಬೆಳಿಗ್ಗೆ ಮೋಟರು ಹಾಕುವ ಹೊತ್ತು ಮತ್ತು ಸಂಜೆ ಏಳರ ಹೊತ್ತಿನ ಅಂಕಿಗಳನ್ನು ಕ್ಯಾಲೆಂಡರಿನಲ್ಲಿ ಸೇರಿಸಿ. 180ರ ಆಸುಪಾಸಿಗೆ ಇಳಿಯುತ್ತಿದ್ದರೆ ಎರಡು ದಾರಿಗಳಿವೆ: ಸ್ಟೆಬಿಲೈಸರ್ ಇಡುವುದು, ಅಥವಾ 100ರಿಂದ 240 ವೋಲ್ಟಿನವರೆಗೆ ಕೆಲಸ ಮಾಡುವ ಎಸ್‌ಎಂಪಿಎಸ್ ಹಾಕಿಸುವುದು. ಎಸ್‌ಎಂಪಿಎಸ್ ಪಕ್ಕದ ಚೀಟಿಯಲ್ಲಿ "ಇನ್‌ಪುಟ್" ಎದುರು ಈ ಅಂಕಿಗಳಿರುತ್ತವೆ. ಅಗ್ಗದವುಗಳಲ್ಲಿ 200ರಿಂದ 240 ಎಂದಷ್ಟೇ ಇರುವುದುಂಟು. ಹಳೆಯ ಎಸ್‌ಎಂಪಿಎಸ್ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಗುಂಡಿಯಿದ್ದರೆ ಅದನ್ನು ಯಾವ ಕಾರಣಕ್ಕೂ 115ಕ್ಕೆ ಸರಿಸಬಾರದು, ಸರಿಸಿದರೆ ಎಸ್‌ಎಂಪಿಎಸ್ ಸುಟ್ಟುಹೋಗುತ್ತದೆ. ಇಡೀ ಬೀದಿಗೇ ವೋಲ್ಟೇಜ್ ಕಡಿಮೆಯಿದ್ದರೆ ಬರೆದಿಟ್ಟ ಅಂಕಿಗಳನ್ನು ಹಿಡಿದುಕೊಂಡು ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. "ವೋಲ್ಟೇಜ್ ಸರಿಯಿಲ್ಲ" ಎನ್ನುವುದಕ್ಕಿಂತ "ಸಂಜೆ ಏಳಕ್ಕೆ 175 ಇತ್ತು" ಎನ್ನುವ ದೂರಿಗೆ ಬಲ ಹೆಚ್ಚು.

ಪ್ಲಗ್ಗನ್ನು ಹೊರಗೆಳೆದು ಅದರ ಹಿತ್ತಾಳೆ ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ. ಪಿನ್ನು ಕಪ್ಪಾಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಅಲುಗಿಸಿದಾಗ ಚಿಟಿಚಿಟಿ ಸದ್ದು ಬಂದರೆ, ಸಾಕೆಟ್ ಸಡಿಲಾಗಿ ಒಳಗೆ ಕಿಡಿ ಹಾರುತ್ತಿದೆ ಎಂದರ್ಥ. ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಸಿಕ್ಕಿಸಿ ಕಂಪ್ಯೂಟರ್ ನಡೆಸುತ್ತಿದ್ದರೆ ಮೊದಲು ಅದನ್ನು ತೆಗೆದು ಗೋಡೆಯ ಸಾಕೆಟ್ಟಿಗೆ ನೇರವಾಗಿ ಕೊಟ್ಟು ನೋಡಿ. ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಮನೆಯ ಅರ್ಥಿಂಗ್ ಕಡಿದಿದೆ ಅಥವಾ ಇಲ್ಲವೇ ಇಲ್ಲ. ಎಸ್‌ಎಂಪಿಎಸ್ ಒಳಗಿನ ಶೋಧಕ ಕೆಪಾಸಿಟರುಗಳಿಂದ ಸೋರುವ ಸಣ್ಣ ಕರೆಂಟು ಭೂಮಿಗೆ ಇಳಿಯಲು ದಾರಿ ಸಿಗದೆ ಕ್ಯಾಬಿನೆಟ್ಟಿನಲ್ಲೇ ನಿಂತಿರುತ್ತದೆ. ಇದು ಮನೆಯವರ ಜೀವಕ್ಕೂ ಸಂಬಂಧಿಸಿದ ವಿಷಯವಾದ್ದರಿಂದ ಕಂಪ್ಯೂಟರಿನ ಚಿಂತೆ ಬದಿಗಿಟ್ಟು ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ನಮ್ಮ ಜಿಲ್ಲೆಯಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ಮಳೆಗಾಲದಲ್ಲಿ ಸಿಲ್ವರ್ ಓಕಿನ ಕೊಂಬೆಯೊಂದು ತಂತಿಗೆ ತಾಗಿದರೆ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುತ್ತದೆ. "ಇನ್ವರ್ಟರ್ ಇದೆಯಲ್ಲ, ದೀಪ ಆರುವುದೇ ಇಲ್ಲ, ಕಂಪ್ಯೂಟರ್ ಮಾತ್ರ ಏಕೆ ಆರುತ್ತದೆ?" ಎಂಬ ಪ್ರಶ್ನೆಯನ್ನು ಹಲವರು ಕೇಳಿದ್ದಾರೆ. ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ಬದಲಾಗಲು ಒಂದಿಷ್ಟು ಮಿಲಿಸೆಕೆಂಡು ಹಿಡಿಯುತ್ತದೆ. ನಮ್ಮ ಕರೆಂಟಿನ ಒಂದು ಆವರ್ತ 20 ಮಿಲಿಸೆಕೆಂಡಿನದು. ಸರಿಯಾದ ಎಸ್‌ಎಂಪಿಎಸ್ ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡಿನವರೆಗೆ ಉಸಿರು ಹಿಡಿದುಕೊಳ್ಳಬಲ್ಲದು. ಬದಲಾವಣೆ ಅದಕ್ಕಿಂತ ನಿಧಾನವಾದರೆ ಬಲ್ಬಿಗೆ ಗೊತ್ತಾಗದ ಆ ತುಂಡು ಕತ್ತಲು ಕಂಪ್ಯೂಟರಿಗೆ ಪೂರ್ಣ ವಿರಾಮವಾಗುತ್ತದೆ. ಅನೇಕ ಇನ್ವರ್ಟರುಗಳ ಹಿಂದೆ ಅಥವಾ ಮುಂದೆ "ಯುಪಿಎಸ್" ಮತ್ತು "ನಾರ್ಮಲ್" ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆಗೆ ಇಟ್ಟರೆ ಬದಲಾವಣೆ ವೇಗವಾಗುತ್ತದೆ. ಆದರೆ ಆಗ ಅದು ಕಡಿಮೆ ವೋಲ್ಟೇಜನ್ನು ಒಪ್ಪದೆ ಬೇಗನೆ ಬ್ಯಾಟರಿಗೆ ಹೋಗುವುದರಿಂದ, ವೋಲ್ಟೇಜ್ ಸದಾ ಕಡಿಮೆಯಿರುವ ಊರಿನಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ. ಅಂಥ ಕಡೆ ಕಂಪ್ಯೂಟರಿಗೆಂದೇ ಒಂದು ಚಿಕ್ಕ ಯುಪಿಎಸ್ ಇಡುವುದು ಉತ್ತಮ. ಸ್ಕ್ವೇರ್ ವೇವ್ ಮಾದರಿಯ ಹಳೆಯ ಇನ್ವರ್ಟರುಗಳ ಜೊತೆ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳೂ ಹೊಂದಿಕೊಳ್ಳದೆ ಆರುವುದುಂಟು.

ಯುಪಿಎಸ್ ಇದ್ದೂ ಆರುತ್ತಿದ್ದರೆ ಅದರೊಳಗಿನ 12 ವೋಲ್ಟಿನ ಚಿಕ್ಕ ಬ್ಯಾಟರಿಯ ವಯಸ್ಸು ನೋಡಿ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಅದರ ಶಕ್ತಿ ಕುಂದುತ್ತದೆ. ಕಂಪ್ಯೂಟರಿನ ಬದಲು ಒಂದು 60 ವ್ಯಾಟಿನ ಬಲ್ಬನ್ನು ಅದಕ್ಕೆ ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿ. ಬಲ್ಬು ಐದು ನಿಮಿಷವೂ ಉರಿಯದಿದ್ದರೆ ಬ್ಯಾಟರಿ ಬದಲಿಸಬೇಕು.

ಮಾರ್ಚಿನಿಂದ ಮೇ ವರೆಗಿನ ಮಳೆಗಳು ಗುಡುಗು ಸಿಡಿಲಿನೊಂದಿಗೆ ಬರುತ್ತವೆ. ಆಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಹೊರಗೆಳೆಯಬೇಕು. ಇಂಟರ್ನೆಟ್ಟಿನ ತಾಮ್ರದ ತಂತಿಯನ್ನೂ ಕಂಪ್ಯೂಟರಿನಿಂದ ಬಿಡಿಸಬೇಕು. ಸಿಡಿಲಿನ ಪೆಟ್ಟು ಆ ದಾರಿಯಲ್ಲಿಯೂ ಬರುತ್ತದೆ. ಆ ಪೆಟ್ಟಿನಿಂದ ಪೂರ್ತಿ ಸಾಯದೆ ಅರೆಜೀವವಾದ ಮದರ್‌ಬೋರ್ಡುಗಳೇ (ಯಂತ್ರದ ಭಾಗಗಳೆಲ್ಲ ಜೋಡಿಸಿರುವ ಮುಖ್ಯ ಹಲಗೆ) ಮುಂದೆ ತಿಂಗಳುಗಟ್ಟಲೆ ಕಾರಣವಿಲ್ಲದೆ ಆರುತ್ತಿರುವುದುಂಟು.

ಮಳೆಗಾಲದ ತೇವ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿ ಕಂಪ್ಯೂಟರಿನೊಳಗೂ ಇದೆ. ಹೊರಗಿನಿಂದ ಬಂದು ಕೂತ ದೂಳು, ಸ್ನಾನದ ಒಲೆಯ ಹೊಗೆಯ ಜಿಡ್ಡು, ಕಣದಿಂದ ಹಾರಿದ ಕಾಫಿ ಹೊಟ್ಟಿನ ಪುಡಿ ಇವೆಲ್ಲ ತೇವ ಕುಡಿದು ಮದರ್‌ಬೋರ್ಡಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತವೆ. ರ‍್ಯಾಮ್ ಕುಳಿತಿರುವ ಸ್ಲಾಟಿನ ಸಂಪರ್ಕಗಳು ಮಂಕಾಗುತ್ತವೆ. ಮುಂಭಾಗದ ರೀಸೆಟ್ ಗುಂಡಿಯ ಒಳಗಿನ ತಗಡು ತುಕ್ಕು ಹಿಡಿದು, ಯಾರೂ ಒತ್ತದೆಯೇ ತಾಗಿಕೊಳ್ಳುವುದೂ ಉಂಟು.

ಒಳಗೆ ಕೈಹಾಕುವ ಮೊದಲು ಪ್ಲಗ್ ಹೊರಗೆಳೆದು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು ಬರಿಯ ಲೋಹವನ್ನು ಒಮ್ಮೆ ಮುಟ್ಟಿ. ಮಳೆಗಾಲದಲ್ಲಿ ಮೈಯಲ್ಲಿ ಸ್ಥಾಯಿ ವಿದ್ಯುತ್ತು ಅಷ್ಟಾಗಿ ಕೂಡದಿದ್ದರೂ ಜನವರಿಯ ಒಣಗಾಳಿಯಲ್ಲಿ ಈ ಅಭ್ಯಾಸ ರ‍್ಯಾಮನ್ನು ಉಳಿಸುತ್ತದೆ. ಮೃದುವಾದ ಹೊಸ ಪೇಂಟ್ ಬ್ರಷ್ಷಿನಿಂದ ದೂಳು ಸಡಿಲಿಸಿ, ಬ್ಲೋವರಿನಿಂದ ಹೊರಕ್ಕೆ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಗಾಳಿಗೆ ಅದು ಅತಿವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ: ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಒಳಗೆ ಇರುವೆಗೂಡೋ ಹಲ್ಲಿಯೋ ಇದೆಯೆಂದು ಅನುಮಾನ ಬಂದರೆ ಜಾಲರಿಯ ಮೂಲಕ ಟಾರ್ಚ್ ಬಿಟ್ಟು ನೋಡಿ, ಬಿಚ್ಚುವ ಕೆಲಸವನ್ನು ತಿಳಿದವರಿಗೆ ಬಿಡಿ.

ರ‍್ಯಾಮ್ ಪಟ್ಟಿಯ ಎರಡೂ ತುದಿಯ ಕೊಂಡಿಗಳನ್ನು ಹೊರಕ್ಕೆ ತಳ್ಳಿದರೆ ಪಟ್ಟಿ ಮೇಲೇಳುತ್ತದೆ. ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಕ್ಕಳ ಬಿಳಿ ರಬ್ಬರಿನಿಂದ ಹಗುರವಾಗಿ, ಒಂದೇ ದಿಕ್ಕಿನಲ್ಲಿ ಉಜ್ಜಿ. ರಬ್ಬರಿನ ಮೇಲೆ ಬೂದುಬಣ್ಣದ ಗೆರೆ ಮೂಡುವುದು ಕಣ್ಣಿಗೇ ಕಾಣುತ್ತದೆ. ಚೂರುಗಳನ್ನು ಬ್ರಷ್ಷಿನಿಂದ ಒರೆಸಿ, "ಟಕ್" ಎಂಬ ಸದ್ದು ಎರಡೂ ಕಡೆ ಬರುವವರೆಗೆ ಒತ್ತಿ ಕೂರಿಸಿ. ಇಷ್ಟಕ್ಕೇ ಸರಿಹೋದ ಯಂತ್ರಗಳು ನಮ್ಮ ಕಡೆ ಎಷ್ಟೋ. ರೀಸೆಟ್ ಗುಂಡಿಯ ಮೇಲೆ ಅನುಮಾನವಿದ್ದರೆ ಅದರಿಂದ ಮದರ್‌ಬೋರ್ಡಿಗೆ ಬರುವ ಎರಡೆಳೆಯ ತಂತಿಯನ್ನು ಕಿತ್ತು ಬಿಡಿ, ಅದಿಲ್ಲದೆಯೂ ಕಂಪ್ಯೂಟರ್ ನಡೆಯುತ್ತದೆ.

ಮಳೆಗಾಲದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಯಂತ್ರ ಆನ್ ಆಗಿರಲಿ, ಅದರ ಸ್ವಂತ ಬಿಸಿಯೇ ತೇವವನ್ನು ಓಡಿಸುತ್ತದೆ. ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಹೊದಿಸಲೇಬೇಕಿದ್ದರೆ ಹತ್ತಿಯ ಬಟ್ಟೆಯಿರಲಿ, ಅದೂ ಯಂತ್ರ ಆರಿ ತಣ್ಣಗಾದ ಮೇಲೆ. ಮಳೆ ಬಡಿಯುವ ಗೋಡೆಗೆ ಒರಗಿಸದೆ ಒಂದು ಗೇಣು ಮುಂದಕ್ಕಿಡಿ.

ಬಿಸಿ, ಎಸ್‌ಎಂಪಿಎಸ್, ರ‍್ಯಾಮ್, ಡಿಸ್ಕ್

ಊರು ತಂಪಾಗಿದೆಯೆಂದು ಪ್ರೊಸೆಸರ್ ತಂಪಾಗಿರುವುದಿಲ್ಲ. ಬಯಾಸ್‌ನ ಹಾರ್ಡ್‌ವೇರ್ ಮಾನಿಟರ್ ಭಾಗದಲ್ಲಿ, ಅಥವಾ ಎಚ್‌ಡಬ್ಲ್ಯುಮಾನಿಟರ್‌ನಂಥ ಉಚಿತ ತಂತ್ರಾಂಶದಲ್ಲಿ ಅದರ ತಾಪಮಾನ ನೋಡಬಹುದು. ಸುಮ್ಮನಿರುವಾಗ 35ರಿಂದ 50 ಡಿಗ್ರಿ ಸಹಜ. ಸುಮ್ಮನಿರುವಾಗಲೇ 70 ದಾಟಿದರೆ, ಅಥವಾ ಸ್ವಲ್ಪ ಕೆಲಸಕ್ಕೇ 95-100ಕ್ಕೆ ಹಾರಿದರೆ, ಹೀಟ್‌ಸಿಂಕ್‌ನ (ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಸಂದುಗಳಲ್ಲಿ ದೂಳು ಕಂಬಳಿಯಂತೆ ಕಟ್ಟಿದೆ ಅಥವಾ ಅದಕ್ಕೂ ಪ್ರೊಸೆಸರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿದೆ. ಪೇಸ್ಟ್ ಬದಲಿಸುವಾಗ ಬಟಾಣಿ ಕಾಳಿನಷ್ಟು ಸಾಕು.

ಮದರ್‌ಬೋರ್ಡಿನ ಮೇಲಿನ ಉರುಟು ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ದ್ರವ ಸೋರಿದ್ದರೆ ಕಾರಣ ಸಿಕ್ಕಂತೆಯೇ. ಎಸ್‌ಎಂಪಿಎಸ್ ಕೊಡುವ 12 ವೋಲ್ಟಿನ ಸಾಲು 11.4ರಿಂದ 12.6ರ ನಡುವೆ, 5 ವೋಲ್ಟಿನ ಸಾಲು 4.75ರಿಂದ 5.25ರ ನಡುವೆ ಇರಬೇಕು. ಬಯಾಸ್ ತೋರಿಸುವ ಅಂಕಿ ಅಂದಾಜು ಮಾತ್ರ, ಮಲ್ಟಿಮೀಟರಿನದೇ ನಿಜ. ಖಚಿತಪಡಿಸಿಕೊಳ್ಳಲು ಒಳ್ಳೆಯ ದಾರಿ ಪರಿಚಯದವರ ಎಸ್‌ಎಂಪಿಎಸ್ ಒಂದನ್ನು ಎರಡು ದಿನಕ್ಕೆ ಎರವಲು ತಂದು ಹಾಕಿ ನೋಡುವುದು. ಗಡಿಯಾರ ಪ್ರತಿ ಸಲವೂ ಹಿಂದಕ್ಕೆ ಹೋಗುತ್ತಿದ್ದರೆ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ.

ರ‍್ಯಾಮ್ ಪರೀಕ್ಷೆಗೆ ವಿಂಡೋಸ್‌ನ "ಮೆಮೊರಿ ಡಯಾಗ್ನೋಸ್ಟಿಕ್" ಸಾಕಷ್ಟು ಬೇಗ ಮುಗಿಯುತ್ತದೆ, ಆದರೆ ಸೂಕ್ಷ್ಮ ದೋಷಗಳನ್ನು ಬಿಟ್ಟುಬಿಡಬಹುದು. ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಪ್ಲಸ್ ಎಂಬ ಪರೀಕ್ಷಾ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ರ‍್ಯಾಮ್ ಅಥವಾ ಆ ಸ್ಲಾಟು ನಂಬಿಕೆಗೆ ಅರ್ಹವಲ್ಲ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೋರಿಸುತ್ತದೆ. ಅಲ್ಲಿ ಹಳದಿ ಅಥವಾ ಕೆಂಪು ಕಂಡರೆ ಬೇರೆ ಪರೀಕ್ಷೆ ಬೇಡ, ಕಡತಗಳನ್ನು ಹೊರತೆಗೆಯಿರಿ.

ಸಂದೇಶದ ಪರದೆ ಬಂದಿದ್ದರೆ

ತೆಗೆದಿಟ್ಟ ಫೋಟೊದಲ್ಲಿ "ಸ್ಟಾಪ್ ಕೋಡ್" ಎದುರಿನ ಪದಗಳನ್ನು ಓದಿ. "ಮೆಮೊರಿ ಮ್ಯಾನೇಜ್‌ಮೆಂಟ್" ಎಂದು ಮೇಲಿಂದ ಮೇಲೆ ಬಂದರೆ ರ‍್ಯಾಮ್ ಪರೀಕ್ಷೆಗೆ ಮರಳಿ. "ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್" ಯಂತ್ರಾಂಶದ ಕಡೆ ಕೈ ತೋರಿಸುತ್ತದೆ. "ವಿಡಿಯೊ ಟಿಡಿಆರ್ ಫೇಲ್ಯೂರ್" ಎಂದರೆ ಗ್ರಾಫಿಕ್ಸ್ ಡ್ರೈವರ್ ಅಥವಾ ಕಾರ್ಡ್. ಪರದೆಯ ಮೇಲೆ ಕಡತವೊಂದರ ಹೆಸರಿದ್ದರೆ ಅದು ಬಹಳ ಸಲ ತಪ್ಪಿತಸ್ಥ ಡ್ರೈವರಿನದೇ ಆಗಿರುತ್ತದೆ. ವಿಂಡೋಸ್‌ನ ಆಳದಲ್ಲಿ ಓಡುವ ಒಂದು ಕಡತ ಕೆಟ್ಟರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ಜಗತ್ತೇ ನೋಡಿತು: ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ದೋಷಪೂರಿತ ನವೀಕರಣದಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು.

ತೊಂದರೆ ಶುರುವಾಗುವ ಮುಂಚಿನ ವಾರದಲ್ಲಿ ಏನನ್ನು ಹಾಕಿದಿರಿ ಅಥವಾ ನವೀಕರಿಸಿದಿರಿ ಎಂಬುದನ್ನು "ರಿಲಯಬಿಲಿಟಿ ಹಿಸ್ಟರಿ"ಯಲ್ಲಿ ದಿನಾಂಕದ ಪ್ರಕಾರ ನೋಡಬಹುದು. ಡ್ರೈವರ್ ಮೇಲೆ ಅನುಮಾನವಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ಪ್ರಾಪರ್ಟೀಸ್ ತೆರೆದು "ರೋಲ್ ಬ್ಯಾಕ್" ಒತ್ತಿ. ಶಿಫ್ಟ್ ಕೀಲಿ ಹಿಡಿದು ರೀಸ್ಟಾರ್ಟ್ ಒತ್ತಿದರೆ ಸಿಗುವ ಪರದೆಯಿಂದ ಸೇಫ್ ಮೋಡಿಗೆ (ಅತ್ಯಗತ್ಯ ಡ್ರೈವರುಗಳಷ್ಟೇ ಓಡುವ ಸ್ಥಿತಿಗೆ) ಹೋಗಿ ಒಂದು ದಿನ ಕೆಲಸ ಮಾಡಿ. ಅಲ್ಲಿ ಆರದಿದ್ದರೆ ಡ್ರೈವರ್ ಅಥವಾ ಬೇರೆ ತಂತ್ರಾಂಶದ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್, ಎಫ್, ಸಿ ಅಕ್ಷರಗಳು, ಒಂದು ಖಾಲಿ ಜಾಗ, ಓರೆಗೆರೆ, ಅದಕ್ಕೆ ಅಂಟಿಕೊಂಡಂತೆ ಸ್ಕ್ಯಾನ್‌ನೌ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಕೆಟ್ಟ ವಿಂಡೋಸ್ ಕಡತಗಳು ದುರಸ್ತಿಯಾಗುತ್ತವೆ. ವೈರಸ್ ಇದಕ್ಕೆ ಕಾರಣವಾಗುವುದು ಜನ ನಂಬಿರುವುದಕ್ಕಿಂತ ಬಹಳ ಕಡಿಮೆ. ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಒಂದು ಸಲ ಮಾಡಿದರೆ ಸಾಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಹೊಸದಾಗಿ ಹಾಕಿಸುವ ಪ್ರಸಂಗ ಬಂದರೆ ಯಂತ್ರ 11ಕ್ಕೆ ಹೊಂದುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಅಂಗಡಿಗೆ ಒಯ್ಯುವಾಗ

ಇಷ್ಟಾದರೂ ಬಯಾಸ್ ಪರದೆಯಲ್ಲೇ ಆರುತ್ತಿದ್ದು, ಬೇರೆ ಎಸ್‌ಎಂಪಿಎಸ್ ಮತ್ತು ಬೇರೆ ರ‍್ಯಾಮ್ ಹಾಕಿದಾಗಲೂ ಬದಲಾಗದಿದ್ದರೆ ಉಳಿಯುವುದು ಮದರ್‌ಬೋರ್ಡ್ ಅಥವಾ ಪ್ರೊಸೆಸರ್, ಅದು ಅಂಗಡಿಯ ಕೆಲಸ. ಕ್ಯಾಲೆಂಡರಿನ ಹಾಳೆಯ ಫೋಟೊ, ಸ್ಟಾಪ್ ಕೋಡಿನ ಫೋಟೊ, ನೀವು ಏನೇನು ಬದಲಿಸಿ ನೋಡಿದಿರಿ ಎಂಬ ಚೀಟಿ ಇವನ್ನು ಜೊತೆಗೆ ಕೊಡಿ. ನಿಮ್ಮನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದೆಂದೂ, ಬದಲಿಸಿದ ಹಳೆಯ ಭಾಗವನ್ನು ಹಿಂದಕ್ಕೆ ಕೊಡಬೇಕೆಂದೂ ರಸೀದಿಯ ಮೇಲೆ ಬರೆಸಿಕೊಳ್ಳಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ಒಯ್ಯಿರಿ, ಘಟ್ಟದ ತಿರುವುಗಳಲ್ಲಿ ಅದರ ಭಾರಕ್ಕೆ ಸ್ಲಾಟು ಸೀಳಬಹುದು. ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಅಡ್ಡ ಮಲಗಿಸಿ, ಕೆಳಗೊಂದು ದಪ್ಪ ಕಂಬಳಿ ಹಾಸಿ ಕಾರಿನ ಹಿಂದಿನ ಸೀಟಿನಲ್ಲಿಡಿ. ಮಳೆಯಲ್ಲಿ ಮನೆಗೆ ತಂದ ಕೂಡಲೇ ಆನ್ ಮಾಡದೆ, ಬೆಚ್ಚಗಿನ ಒಣ ಕೋಣೆಯಲ್ಲಿ ಮುಚ್ಚಳ ತೆರೆದು ಎರಡು ಗಂಟೆ ಬಿಟ್ಟು, ಆಮೇಲೆ ಪ್ಲಗ್ ಸಿಕ್ಕಿಸಿ.